ಪಾರ್ಥೇನಿಯಂ: ಹೂ ಬಿಡುವ ಮೊದಲೇ ಕೀಳಬೇಕಾದ ಗಿಡ

ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಮನೆ ಪಕ್ಕದ ಖಾಲಿ ಸೈಟು, ರಸ್ತೆ ಬದಿ, ಚರಂಡಿಯ ಅಂಚು, ಶಾಲೆಯ ಆವರಣ, ಈದ್ಗಾ ಮೈದಾನ, ಖಬರಸ್ತಾನ ಹೀಗೆ ಬರಿಮಣ್ಣು ಕಂಡಲ್ಲೆಲ್ಲ ಒಂದೇ ಬಗೆಯ ಗಿಡ ಎದ್ದು ನಿಲ್ಲುತ್ತದೆ. ಎಳೆಯದಿದ್ದಾಗ ಗಜ್ಜರಿ ಸೊಪ್ಪಿನಂತೆ ಕಾಣುತ್ತದೆ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ಗಾಜರ್ ಘಾಸ್ ಎನ್ನುತ್ತಾರೆ. ಬೆಳೆದ ಮೇಲೆ ಮೈತುಂಬ ಚಿಕ್ಕ ಚಿಕ್ಕ ಬಿಳಿ ಹೂ ಬಿಡುತ್ತದೆ. ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡ ಎಂದರೆ ಎಲ್ಲರಿಗೂ ಗೊತ್ತು. ಪುಸ್ತಕದ ಹೆಸರು ಪಾರ್ಥೇನಿಯಂ.

ಪ್ರತಿ ವರ್ಷ ಮಳೆಗಾಲ ಶುರುವಾದರೆ ನನ್ನ ಚಿಕಿತ್ಸಾಲಯಕ್ಕೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎಂದು ಬರುವವರ ಸಂಖ್ಯೆ ಏರುತ್ತದೆ. ಮೂಗು ಸೋರುವುದು, ಕಣ್ಣು ಕೆಂಪಾಗುವುದು, ದಮ್ಮು ಕಟ್ಟುವುದು ಎಂದು ಬರುವವರೂ ಹೆಚ್ಚುತ್ತಾರೆ. ಎಲ್ಲರ ತೊಂದರೆಗೂ ಈ ಗಿಡವೇ ಕಾರಣ ಎನ್ನಲಾಗದು. ಆದರೆ ಅವರಲ್ಲಿ ಹಲವರಿಗೆ ರೋಗದ ಮೂಲ ಮನೆಯ ಗೇಟಿನ ಹೊರಗೇ ಬೆಳೆದು ನಿಂತಿರುತ್ತದೆ. ಮುಲಾಮು ಹಚ್ಚುತ್ತಾರೆ, ಗುಳಿಗೆ ನುಂಗುತ್ತಾರೆ, ಎರಡು ವಾರ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಗಿಡ ಅಲ್ಲೇ ಇರುವವರೆಗೆ ಔಷಧಿಯಿಂದ ಆಗುವುದು ಅಷ್ಟೇ.

ಯುನಾನಿ ವೈದ್ಯದಲ್ಲಿ ಆರೋಗ್ಯ ಕಾಪಾಡುವ ಆರು ಅಗತ್ಯಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅದರಲ್ಲಿ ಮೊದಲನೆಯದು ಹವಾ, ಅಂದರೆ ನಾವು ಉಸಿರಾಡುವ ಗಾಳಿ. ಊಟ, ನಿದ್ದೆ, ವ್ಯಾಯಾಮ ಎಲ್ಲ ಆಮೇಲಿನ ಮಾತು. ಪಾರ್ಥೇನಿಯಂ ಕೆಡಿಸುವುದು ಈ ಮೊದಲನೆಯದನ್ನೇ. ಆದ್ದರಿಂದ ಈ ತಿಂಗಳು ಔಷಧಿಗಿಂತ ಹೆಚ್ಚಾಗಿ ಈ ಕಳೆಯ ಬಗ್ಗೆ, ಅದು ಬದುಕುವ ರೀತಿಯ ಬಗ್ಗೆ, ಅದನ್ನು ಯಾವಾಗ ಮತ್ತು ಹೇಗೆ ತೆಗೆಯಬೇಕು ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ಎಲ್ಲಿಂದ ಬಂತು?

ಇದು ನಮ್ಮ ನೆಲದ ಗಿಡವಲ್ಲ. ಇದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶಗಳು, ಮುಖ್ಯವಾಗಿ ಮೆಕ್ಸಿಕೋ ಕೊಲ್ಲಿಯ ಸುತ್ತಮುತ್ತ. ನಮ್ಮ ದೇಶದಲ್ಲಿ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಗುರುತಿಸಿದರು. ಆಗ ಅಮೆರಿಕದಿಂದ ಆಮದಾಗುತ್ತಿದ್ದ ಗೋಧಿಯ ಜೊತೆ ಬೀಜ ಬಂದಿರಬೇಕು ಎಂಬುದು ಬಹಳ ಜನರ ಅಭಿಪ್ರಾಯ. ಮುಂದಿನ ಕೆಲವೇ ದಶಕಗಳಲ್ಲಿ ಅದು ಕರ್ನಾಟಕವೂ ಸೇರಿ ಇಡೀ ದೇಶಕ್ಕೆ ಹಬ್ಬಿತು. ನಮ್ಮ ಬಯಲುಸೀಮೆಯಲ್ಲಿ ಅದು ಎಷ್ಟು ಬೇರೂರಿತೆಂದರೆ, 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ರಾಜ್ಯ ಸರಕಾರ 1975ರಲ್ಲಿ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು.

ತವರಿನಲ್ಲಿ ಇದನ್ನು ತಿನ್ನುವ ಹುಳುಗಳಿವೆ, ಇದಕ್ಕೆ ತಗಲುವ ರೋಗಗಳಿವೆ. ಇಲ್ಲಿಗೆ ಬೀಜ ಬಂತು, ಶತ್ರುಗಳು ಬರಲಿಲ್ಲ. ದನಕರುಗಳೂ ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಸುತ್ತಲಿನ ಹುಲ್ಲನ್ನೆಲ್ಲ ಮೇಕೆ ದನ ಮೇಯ್ದು ಬಿಟ್ಟಾಗ ಉಳಿಯುವುದು ಇದೊಂದೇ. ಹೀಗಾಗಿ ಮೇಯ್ದಷ್ಟೂ ಜಾಗ ಇದರ ಪಾಲಾಗುತ್ತದೆ.

ಈ ಗಿಡ ಬದುಕುವ ರೀತಿ

ಕಳೆಯನ್ನು ಗೆಲ್ಲಬೇಕಾದರೆ ಅದರ ದಿನಚರಿ ತಿಳಿದಿರಬೇಕು.

ಒದ್ದೆ ಮಣ್ಣಿನಲ್ಲಿ ಬೀಜ ಬೇಗ ಮೊಳೆಯುತ್ತದೆ. ಮೊದಲು ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡುತ್ತವೆ. ಈ ಹಂತದಲ್ಲಿ ತನ್ನ ಕೆಳಗೆ ಬೇರೆ ಯಾವ ಸಸಿಗೂ ಬೆಳಕು ಸಿಗದಂತೆ ಅದು ನೆಲ ಮುಚ್ಚುತ್ತದೆ. ಬೇರು ಮತ್ತು ಎಲೆಗಳಿಂದ ಮಣ್ಣಿಗಿಳಿಯುವ ರಾಸಾಯನಿಕಗಳು ಪಕ್ಕದ ಗಿಡಗಳ ಮೊಳಕೆಯನ್ನೂ ತಡೆಯುತ್ತವೆ. ಆಮೇಲೆ ನಡುವಿನಿಂದ ಕಾಂಡ ಏಳುತ್ತದೆ. ಸಾಮಾನ್ಯವಾಗಿ ಸೊಂಟದೆತ್ತರ, ನೀರು ಗೊಬ್ಬರ ಸಿಕ್ಕಲ್ಲಿ ಆಳೆತ್ತರಕ್ಕೂ ಬೆಳೆಯುತ್ತದೆ.

ಮೊಳೆತ ಸುಮಾರು 4 ವಾರಗಳಲ್ಲೇ ಅದು ಹೂ ಬಿಡಲು ಶುರು ಮಾಡಬಲ್ಲದು. ನಾವು ನೋಡುವ ಒಂದೊಂದು ಬಿಳಿ ಹೂವೂ ನಿಜವಾಗಿ ಪುಟ್ಟ ಹೂಗಳ ಗೊಂಚಲು. ಆ ಗೊಂಚಲಿನ ಅಂಚಿನಲ್ಲಿ 5 ಬೀಜ ಕಟ್ಟುತ್ತವೆ. ಐದೇ ತಾನೇ ಎನ್ನಬೇಡಿ. ಚೆನ್ನಾಗಿ ಬೆಳೆದ ಒಂದು ಗಿಡದಲ್ಲಿ ಸಾವಿರಾರು ಗೊಂಚಲು ಇರುತ್ತವೆ, ಬೀಜಗಳ ಲೆಕ್ಕ 15,000ದಿಂದ 25,000ದವರೆಗೆ ಹೋಗುತ್ತದೆ. ಬೀಜ ಸಾಸಿವೆಗಿಂತ ಹಗುರ. ಗಾಳಿ, ಹರಿಯುವ ನೀರು, ವಾಹನಗಳ ಟೈರು, ಚಪ್ಪಲಿಯ ಕೆಸರು, ಒಣ ಮೇವು, ಮರಳು ಮತ್ತು ಮಣ್ಣಿನ ಲೋಡು ಎಲ್ಲದರ ಜೊತೆಗೂ ಅದು ಪ್ರಯಾಣ ಮಾಡುತ್ತದೆ.

ಮಣ್ಣಿನ ಮೇಲ್ಪದರದಲ್ಲಿರುವ ಬೀಜ ತೇವ ಸಿಕ್ಕ ಕೂಡಲೇ ಮೊಳೆಯುತ್ತದೆ. ಆಳದಲ್ಲಿ ಹೂತುಹೋದದ್ದು ಹಲವು ವರ್ಷ ಜೀವ ಹಿಡಿದು ಕಾಯುತ್ತದೆ. ಯಾರಾದರೂ ಮಣ್ಣು ಅಗೆದು ಮೇಲೆ ತಂದರೆ ಆಗ ಏಳುತ್ತದೆ. ಅದಕ್ಕೇ ಕಟ್ಟಡ ಕೆಲಸ ನಡೆದ ಜಾಗ, ಪೈಪು ಹಾಕಲು ಅಗೆದ ರಸ್ತೆ ಬದಿ ಮತ್ತು ಖಬರಸ್ತಾನಗಳಲ್ಲಿ ಇದರ ಕಾಟ ಹೆಚ್ಚು. ಇಂಥ ಕಡೆ ನೆಲ ಮತ್ತೆ ಮತ್ತೆ ಅಗೆಯಲ್ಪಡುತ್ತದೆ, ಮತ್ತೆ ಮತ್ತೆ ಬರಿದಾಗುತ್ತದೆ.

ಇದರಿಂದ ಒಂದು ಸರಳ ಪಾಠ ಸಿಗುತ್ತದೆ. ಮೊಳಕೆಗೂ ಹೂವಿಗೂ ನಡುವೆ ಇರುವ 3-4 ವಾರ ನಮ್ಮ ಸಮಯ. ಅಷ್ಟರೊಳಗೆ ಕಿತ್ತರೆ ಒಂದು ಗಿಡ ಹೋಯಿತು. ಹೂವಾದ ಮೇಲೆ ಕಿತ್ತು ಅಲ್ಲೇ ಎಸೆದರೆ ಒಂದು ಗಿಡ ಹೋಗಿ ಸಾವಿರ ಗಿಡಕ್ಕೆ ಬೀಜ ಬಿತ್ತಿದಂತಾಯಿತು.

ಮೈಗೆ ಏನು ಮಾಡುತ್ತದೆ?

ಗಿಡದ ಎಲೆ ಕಾಂಡಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಮೈಮೇಲೆ ಸಣ್ಣ ರೋಮಗಳು ಕಾಣುತ್ತವೆ. ಅವುಗಳಲ್ಲಿ ಪಾರ್ಥೆನಿನ್ ಎಂಬ ಕಹಿ ವಸ್ತುವಿದೆ. ಗಿಡ ಒಣಗಿದಾಗ ಈ ರೋಮ ಮತ್ತು ಎಲೆಯ ಪುಡಿ ದೂಳಿನ ಜೊತೆ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಗಿಡವನ್ನು ಮುಟ್ಟದವರಿಗೂ ಅದು ತಲುಪುತ್ತದೆ.

ಪಾರ್ಥೆನಿನ್ ಚರ್ಮಕ್ಕೆ ತಾಗಿದ ಮೊದಲ ದಿನವೇ ಎಲ್ಲರಿಗೂ ತುರಿಕೆ ಬರುವುದಿಲ್ಲ. ಕೆಲವರ ದೇಹ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಒಂದು ದಿನ ಅದು ಈ ವಸ್ತುವನ್ನು ಶತ್ರು ಎಂದು ಗುರುತು ಹಿಡಿಯುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ತಾಗಿದರೂ ಒಂದೆರಡು ದಿನಗಳಲ್ಲಿ ಚರ್ಮ ಕೆಂಪಾಗಿ, ಊದಿ, ನವೆ ಶುರುವಾಗುತ್ತದೆ. ಹೀಗೆ ತಡವಾಗಿ ಬರುವುದರಿಂದಲೇ ಕಾರಣ ಹೊಳೆಯುವುದಿಲ್ಲ. ಭಾನುವಾರ ಹಿತ್ತಲು ಸ್ವಚ್ಛ ಮಾಡಿದವರು ಮಂಗಳವಾರ ತುರಿಕೆ ಬಂದಾಗ ಸೋಮವಾರ ತಿಂದ ಬದನೆಕಾಯಿಯನ್ನು ದೂರುತ್ತಾರೆ. 'ಇಷ್ಟು ವರ್ಷ ಕಿತ್ತಿದ್ದೇನೆ, ನನಗೇನೂ ಆಗಿಲ್ಲ' ಎನ್ನುವ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು.

ಗುರುತಿಸುವುದು ಹೇಗೆ? ಗಾಳಿಯಲ್ಲಿ ಬರುವ ಪುಡಿ ಎಲ್ಲಿ ಕೂರುತ್ತದೆಯೋ ಅಲ್ಲಿ ತೊಂದರೆ ಕಾಣುತ್ತದೆ. ಕಣ್ಣುರೆಪ್ಪೆ, ಕೆನ್ನೆ, ಕಿವಿಯ ಹಿಂಭಾಗ, ಗದ್ದದ ಕೆಳಗೆ, ಕುತ್ತಿಗೆ, ಮೊಣಕೈ ಮಡಿಕೆ ಇದರ ಮುಖ್ಯ ಜಾಗಗಳು. ಬಿಸಿಲಿನ ಅಲರ್ಜಿಯಲ್ಲಿ ಸಾಮಾನ್ಯವಾಗಿ ಬಿಸಿಲು ಬೀಳದ ರೆಪ್ಪೆ, ಕಿವಿ ಹಿಂದೆ, ಗದ್ದದ ಕೆಳಭಾಗ ಉಳಿದುಕೊಳ್ಳುತ್ತವೆ. ಈ ಒಂದು ವ್ಯತ್ಯಾಸ ನೆನಪಿಡಿ. ಬೇಸಿಗೆ ಮಳೆಗಾಲದಲ್ಲಿ ಹೆಚ್ಚಾಗಿ ಚಳಿಗಾಲದಲ್ಲಿ ಇಳಿಯುವುದು, ಬೇರೆ ಊರಿಗೆ ಹೋದಾಗ ಕಡಿಮೆಯಾಗುವುದು ಕೂಡ ಸುಳಿವುಗಳೇ. ಮಕ್ಕಳಿಗಿಂತ ದೊಡ್ಡವರಲ್ಲಿ, ಅದರಲ್ಲೂ ಹೊರಗೆ ದುಡಿಯುವ ಗಂಡಸರಲ್ಲಿ ಇದು ಹೆಚ್ಚು. ವರ್ಷಗಳ ಕಾಲ ಬಿಟ್ಟರೆ ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಖದ ಗೆರೆಗಳೇ ಬದಲಾಗುತ್ತವೆ. ಆಗ ಬಿಸಿಲನ್ನೂ ತಾಳಲಾಗುವುದಿಲ್ಲ.

ಹೂವಿನ ಪರಾಗ ಇನ್ನೊಂದು ದಾರಿ. ಅದು ಮೂಗು, ಕಣ್ಣು, ಶ್ವಾಸನಾಳಗಳಿಗೆ ತೊಂದರೆ ಕೊಡುತ್ತದೆ. ಬೆಳಿಗ್ಗೆ ಎದ್ದೊಡನೆ ಸಾಲು ಸೀನು, ಮೂಗಿನಲ್ಲಿ ನೀರು, ಕಣ್ಣಿನ ತುರಿಕೆ ಬರುತ್ತವೆ. ಉಬ್ಬಸ ಇರುವವರಲ್ಲಿ ಅದು ಕೆರಳುತ್ತದೆ.

ಜಾನುವಾರುಗಳಿಗೂ ಇದು ಒಳ್ಳೆಯದಲ್ಲ. ಮೇವಿನ ಕೊರತೆಯಲ್ಲಿ ದನ, ಎಮ್ಮೆ, ಮೇಕೆಗಳು ಇದನ್ನು ತಿಂದರೆ ಬಾಯಿಹುಣ್ಣು, ಚರ್ಮದ ತೊಂದರೆ ಕಾಣಿಸಿಕೊಳ್ಳುತ್ತವೆ, ಹಾಲು ಕಹಿಯಾಗುತ್ತದೆ. ಹೆಚ್ಚು ತಿಂದರೆ ಪ್ರಾಣಕ್ಕೂ ಅಪಾಯ. ಕುರ್ಬಾನಿಗೆಂದು ಮೇಕೆ ಸಾಕುವವರು ಕಟ್ಟುವ ಜಾಗವನ್ನು ನೋಡಿ ಕಟ್ಟಬೇಕು.

ತುರಿಕೆ ಬಂದವರು ಏನು ಮಾಡಬೇಕು?

ಮೊದಲು ಗಿಡದಿಂದ ದೂರವಿರಿ. ಮನೆಯ ಸುತ್ತ ಇದ್ದರೆ ಬೇರೆಯವರಿಂದ ತೆಗೆಸಿ, ನೀವು ಕೀಳಲು ಹೋಗಬೇಡಿ. ಹೊರಗಿನಿಂದ ಬಂದೊಡನೆ ಮುಖ, ಕೈ, ಕುತ್ತಿಗೆಯನ್ನು ತಣ್ಣೀರಿನಿಂದ ತೊಳೆದು ಬಟ್ಟೆ ಬದಲಿಸಿ. ಒಣಗಿದ ಚರ್ಮಕ್ಕೆ ಶುದ್ಧ ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಬಹುದು. ಒಗೆದ ಬಟ್ಟೆಯನ್ನು ಗಿಡ ಬೆಳೆದ ಬಯಲಿನ ಬದಿ ಒಣಹಾಕಬೇಡಿ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮುಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹಲವದರಲ್ಲಿ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಮೂರು ದಿನದಲ್ಲಿ ಪವಾಡದಂತೆ ಗುಣ ಕಾಣುತ್ತದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಬಿಟ್ಟಾಗ ಉರಿ ದುಪ್ಪಟ್ಟಾಗುತ್ತದೆ. ಸ್ಟಿರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಷ್ಟು, ಎಲ್ಲಿ, ಎಷ್ಟು ದಿನ ಎಂದು ವೈದ್ಯರು ಹೇಳಬೇಕು. ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಕಾರಣ ಈ ಗಿಡವೇ ಹೌದೇ ಎಂದು ಅದರಿಂದ ಗೊತ್ತಾಗುತ್ತದೆ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ತುರಿಕೆಯ ಜಾಗದಲ್ಲಿ ಕೀವು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಾರ್ಥೇನಿಯಂ ಸೂರ್ಯಕಾಂತಿ ಮತ್ತು ಸೇವಂತಿಗೆಯ ಕುಟುಂಬದ ಗಿಡ. ಈ ಕುಟುಂಬದ ಒಂದು ಗಿಡಕ್ಕೆ ಅಲರ್ಜಿ ಇರುವವರಿಗೆ ಇನ್ನೊಂದು ಗಿಡವೂ ಆಗದಿರಬಹುದು. ಯುನಾನಿಯಲ್ಲಿ ನಿತ್ಯ ಬಳಸುವ ಬಾಬೂನಾ, ಅಫ್‌ಸಂತೀನ್, ಕಾಸ್ನಿ, ಅಕರ್‌ಕರಾ ಎಲ್ಲವೂ ಇದೇ ಕುಟುಂಬದವು. ರಕ್ತ ಶುದ್ಧಿಗೆಂದು, ತುರಿಕೆಗೆಂದೇ ಕೊಡುವ ಗುಲೆ ಮುಂಡಿ ಕೂಡ ಇದೇ ಕುಟುಂಬಕ್ಕೆ ಸೇರಿದ್ದು. ಎಲ್ಲರಿಗೂ ಇವು ತೊಂದರೆ ಕೊಡುತ್ತವೆ ಎಂದಲ್ಲ. ಆದರೆ ಪಾರ್ಥೇನಿಯಂ ಅಲರ್ಜಿ ಇದ್ದು, ಅಜ್ಜಿ ಹೇಳಿದರೆಂದು ಬಾಬೂನಾ ಕುದಿಸಿ ಮುಖ ತೊಳೆದು ಉರಿ ಹೆಚ್ಚಿಸಿಕೊಂಡವರನ್ನು ನೋಡಿದ್ದೇನೆ. ನಿಮ್ಮ ಹಕೀಮರಿಗೆ ಮೊದಲೇ ತಿಳಿಸಿ. ಅವರ ಬಳಿ ಬೇರೆ ಕುಟುಂಬದ ಉನ್ನಾಬ್, ಶಾಹತರಾ ಮುಂತಾದ ಔಷಧಿಗಳಿವೆ, ನಿಮ್ಮ ಮಿಜಾಜ್ ನೋಡಿ ಕೊಡುತ್ತಾರೆ. ಪಾರ್ಥೇನಿಯಂ ಗಿಡವನ್ನೇ ಕಷಾಯ ಮಾಡಿ ಕುಡಿಯುವುದು, ಅರೆದು ಹಚ್ಚುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಖಬರಸ್ತಾನದ ಲೆಕ್ಕ

ಪಾರ್ಥೇನಿಯಂಗೆ ಬೇಕಾದ ಅಗೆದ ಮಣ್ಣು, ತೆರೆದ ಬಿಸಿಲು, ವರ್ಷದಲ್ಲಿ ಬಹುದಿನ ಮನುಷ್ಯರ ಓಡಾಟ ಇಲ್ಲದಿರುವುದು ಎಲ್ಲವೂ ಒಂದೇ ಕಡೆ ಸಿಗುವ ಜಾಗ ನಮ್ಮ ಖಬರಸ್ತಾನ. ಬಯಲುಸೀಮೆಯ ಹಲವು ಊರುಗಳಲ್ಲಿ ಮಯ್ಯತ್ ಹೊತ್ತು ಒಳಗೆ ಹೋದರೆ ಎದೆಮಟ್ಟದ ಗಿಡಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಹೂವಿನ ಕಾಲದಲ್ಲಿ ಫಾತಿಹಾ ಓದುತ್ತ ಅರ್ಧ ಗಂಟೆ ನಿಂತವರು ಸೀನುತ್ತ ಮನೆಗೆ ಬರುತ್ತಾರೆ.

ನಾವು ಅರ್ಧ ಗಂಟೆ ನಿಂತು ಬರುತ್ತೇವೆ. ಖಬರ್ ತೋಡುವವರಿಗೆ ಅಲ್ಲೇ ಜೀವನ. ಹಾಗೆ ದುಡಿಯುವ ಹಿರಿಯರೊಬ್ಬರು ಹಲವು ವರ್ಷಗಳಿಂದ ನನ್ನ ಬಳಿ ಬರುತ್ತಿದ್ದಾರೆ. ಮುಖ, ಕುತ್ತಿಗೆಯ ಚರ್ಮ ತೊಗಟೆಯಂತೆ ದಪ್ಪಗಾಗಿದೆ. ರಾತ್ರಿ ನವೆಗೆ ನಿದ್ದೆ ಇಲ್ಲ. ಎಲ್ಲರೂ 'ಬಿಸಿಲಿನ ಕೆಲಸ, ಅದಕ್ಕೇ ಹಾಗೆ' ಎಂದಿದ್ದರಂತೆ. ಪರೀಕ್ಷೆ ಮಾಡಿಸಿದಾಗ ಪಾರ್ಥೇನಿಯಂ ಎಂದು ತಿಳಿಯಿತು. 'ಚಾಚಾ, ಆ ಗಿಡದಿಂದ ದೂರ ಇರಿ' ಎಂದರೆ ಅವರು ನಗುತ್ತಾರೆ. ಅವರ ಕಾಯಿಲೆಗೆ ಬೇಕಾದ ಔಷಧಿಯ ಅರ್ಧ ಭಾಗ ನನ್ನ ಕೈಯಲ್ಲಿಲ್ಲ, ಜಮಾತಿನ ಕೈಯಲ್ಲಿದೆ.

ನಮ್ಮಲ್ಲಿ ಸ್ವಚ್ಛತೆ ಆಗುವುದೇ ಇಲ್ಲ ಎನ್ನುವಂತಿಲ್ಲ. ಶಬೇ ಬರಾತ್ ಹತ್ತಿರ ಬಂದಾಗ ಯುವಕರು ಕುಡುಗೋಲು ಹಿಡಿದು ಇಡೀ ಖಬರಸ್ತಾನ ಶುಚಿ ಮಾಡುತ್ತಾರೆ. ಆದರೆ ಗಿಡಕ್ಕೆ ಹಿಜರಿ ತಿಂಗಳು ಗೊತ್ತಿಲ್ಲ. ಅದು ಮಳೆಯ ಲೆಕ್ಕದಲ್ಲಿ ಬೆಳೆಯುತ್ತದೆ. ಚಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ಶಾಬಾನ್ ತಿಂಗಳು ಪ್ರತಿ ವರ್ಷ ಹಿಂದೆ ಸರಿಯುತ್ತದೆ. 2010ರಲ್ಲಿ ಶಬೇ ಬರಾತ್ ಜುಲೈ ಕೊನೆಯಲ್ಲಿ ಬಂದಿತ್ತು. ಗಿಡ ಎಳೆಯದಾಗಿರುವ, ನೆಲ ಒದ್ದೆಯಾಗಿರುವ ಕಾಲ ಅದು. 2025ರಲ್ಲಿ ಅದು ಫೆಬ್ರವರಿ ಮಧ್ಯದಲ್ಲಿ ಬಂತು. ಅಷ್ಟರಲ್ಲಿ ಮಳೆಗಾಲದ ಗಿಡ ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ನಿಂತಿರುತ್ತದೆ. ಆಗ ಕಡಿದರೆ ಜಾಗ ಚೊಕ್ಕಟವಾಗಿ ಕಾಣುತ್ತದೆ, ಕಡಿದವರ ಮೂಗು ಕಣ್ಣಿಗೆ ಒಣಪುಡಿ ತುಂಬುತ್ತದೆ, ಬೀಜ ಮಾತ್ರ ನೆಲದಲ್ಲೇ ಉಳಿಯುತ್ತದೆ. ಮುಂದಿನ ಮಳೆಗೆ ಮತ್ತೆ ಅದೇ ಕಾಡು.

ಶಬೇ ಬರಾತಿನ ಸ್ವಚ್ಛತೆ ಬಿಡಬೇಕಿಲ್ಲ. ಅದರ ಜೊತೆಗೆ ಮಳೆಯ ಲೆಕ್ಕದಲ್ಲಿ ಇನ್ನೂ ಕೆಲವು ದಿನ ಇಟ್ಟುಕೊಳ್ಳಬೇಕು. ಮೊದಲ ಒಳ್ಳೆಯ ಮಳೆಯಾದ 3 ವಾರಕ್ಕೆ ಒಮ್ಮೆ, ಆಮೇಲೆ ಮಳೆಗಾಲ ಮುಗಿಯುವವರೆಗೆ 3-4 ವಾರಕ್ಕೊಮ್ಮೆ. ಮೊದಲ ವರ್ಷ ಕೆಲಸ ಹೆಚ್ಚು. ಹೊಸ ಬೀಜ ಬೀಳದಂತೆ ನೋಡಿಕೊಂಡರೆ ಎರಡನೆಯ, ಮೂರನೆಯ ವರ್ಷ ಕಡಿಮೆಯಾಗುತ್ತ ಹೋಗುತ್ತದೆ. ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಮುಂದಾಳತ್ವದಲ್ಲಿ ದೇಶದಾದ್ಯಂತ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಮಸೀದಿ ಕಮಿಟಿಗಳು ಆ ವಾರದ ಜುಮಾದಂದು ಒಂದು ಪ್ರಕಟಣೆ ಮಾಡಿದರೂ ಸಾಕು, ಕೆಲಸ ಶುರುವಾಗುತ್ತದೆ.

ಖಬರಿನ ಮೇಲಿನ ಹಸಿರು ಕೀಳಬಹುದೇ?

ಈ ಪ್ರಶ್ನೆ ಬಂದೇ ಬರುತ್ತದೆ. ಖಬರಿನ ಮೇಲೆ ತಾನಾಗಿ ಬೆಳೆದ ಹಸಿ ಹುಲ್ಲನ್ನು ಸುಮ್ಮಸುಮ್ಮನೆ ಕೀಳಬಾರದೆಂದು ಹಿರಿಯರಿಂದ ಕೇಳಿದವರು ನಮ್ಮಲ್ಲಿ ಬಹಳ ಜನ. ಮಸಲೆ ಹೇಳುವುದು ವೈದ್ಯನ ಕೆಲಸವಲ್ಲ. ನಿಮ್ಮ ಊರಿನ ಆಲಿಮರನ್ನು ಕೇಳಿ. ಕೇಳುವಾಗ ಈ ಗಿಡ ಜನರಿಗೆ ಏನು ಮಾಡುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಪುಣ್ಯದ ಕೆಲಸ ಎಂದು ನಾವು ಮಕ್ಕಳಿಗೂ ಕಲಿಸುತ್ತೇವೆ.

ವೈದ್ಯನಾಗಿ, ಸಸ್ಯಗಳ ಬಗ್ಗೆ ತಿಳಿದವನಾಗಿ ನಾನು ಹೇಳಬಹುದಾದದ್ದು ಇಷ್ಟು. ಎಲ್ಲ ಹಸಿರನ್ನೂ ಕೆರೆದು ನೆಲ ಬರಿದು ಮಾಡುವುದು ಪಾರ್ಥೇನಿಯಂಗೇ ಅನುಕೂಲ. ಗರಿಕೆ ಮತ್ತಿತರ ನೆಲಹುಲ್ಲನ್ನು ಹಾಗೆಯೇ ಬಿಡಿ. ಅದು ಮಣ್ಣನ್ನು ಹಿಡಿಯುತ್ತದೆ, ಮುಚ್ಚುತ್ತದೆ, ಪಾರ್ಥೇನಿಯಂ ಬೀಜಕ್ಕೆ ಬೆಳಕು ಬಿಡುವುದಿಲ್ಲ. ಖಬರಿನ ಮೇಲೆ ಹಸಿರು ಉಳಿಯಲಿ ಎನ್ನುವವರ ಆಸೆಯೂ ಕಳೆ ಹೋಗಲಿ ಎನ್ನುವವರ ಆಸೆಯೂ ಇಲ್ಲಿ ಒಂದೇ ಕೆಲಸದಿಂದ ಈಡೇರುತ್ತದೆ. ಯಂತ್ರದಿಂದ ಎಲ್ಲವನ್ನೂ ನುಣ್ಣಗೆ ಕತ್ತರಿಸುವ ಬದಲು ಈ ಒಂದು ಗಿಡವನ್ನು ಮಾತ್ರ ಆರಿಸಿ ಬೇರುಸಹಿತ ಕೀಳಬೇಕು.

ಕೀಳುವಾಗ ಈ ಮಾತುಗಳನ್ನು ಮರೆಯಬೇಡಿ

1. ಮಳೆ ಬಂದು ನೆಲ ಒದ್ದೆಯಾಗಿದ್ದಾಗ ಕೀಳಿ. ಬೇರು ಪೂರ್ತಿ ಬರುತ್ತದೆ. ಮೇಲಿನಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

2. ಅಲರ್ಜಿ, ಉಬ್ಬಸ ಇರುವವರು ಮತ್ತು ಮಕ್ಕಳು ಈ ಕೆಲಸಕ್ಕೆ ಬೇಡ. ಕೂಲಿ ಕೊಟ್ಟು ಮಾಡಿಸುವುದಾದರೆ ಕೂಲಿಯವರಿಗೂ ಕೈಗವಸು ಕೊಡಿ. ಅವರ ಚರ್ಮವೂ ನಮ್ಮದರಂತೆಯೇ.

3. ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್, ಬೂಟು ಇರಲಿ. ಕೆಲಸದ ನಡುವೆ ಕೈಯಿಂದ ಮುಖ ಒರೆಸಿಕೊಳ್ಳಬೇಡಿ. ನಮಾಝಿನ ಹೊತ್ತಾದರೆ ವುಝೂ ಮಾಡುವ ಮೊದಲು ಕೈಗಳನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ಇಲ್ಲವಾದರೆ ಕೈಯಲ್ಲಿ ಅಂಟಿದ ರಸ ಮುಖಕ್ಕೆ ಹೋಗುತ್ತದೆ.

4. ಆ ಬಟ್ಟೆಗಳನ್ನು ಬೇರೆಯಾಗಿ ನೆನೆಹಾಕಿ ಒಗೆಯಿರಿ. ಗಿಡ ಕಿತ್ತವರಿಗೆ ಏನೂ ಆಗದೆ, ಬಟ್ಟೆ ಒಗೆದ ಮನೆಯವರಿಗೆ ತುರಿಕೆ ಬರುವುದುಂಟು.

5. ಹೂವಾಗದ ಗಿಡಗಳನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಸಗಣಿ ನೀರು, ಸ್ವಲ್ಪ ಮಣ್ಣು ಹಾಕಿ, ಮೇಲೆ ಮಣ್ಣಿನಿಂದ ಮುಚ್ಚಿದರೆ 4-5 ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಹೂ, ಬೀಜ ಬಂದ ಗಿಡಗಳನ್ನು ಅಲುಗಾಡಿಸದೆ ಚೀಲದಲ್ಲಿ ತುಂಬಿ ಆಳವಾಗಿ ಹೂಳಿ. ರಸ್ತೆ ಬದಿ ಎಸೆಯಬೇಡಿ.

6. ಒಣಗಿದ ಗಿಡಕ್ಕೆ ಬೆಂಕಿ ಹಚ್ಚಬೇಡಿ. ಹೊಗೆ ನೆರೆಹೊರೆಯ ಉಬ್ಬಸ ರೋಗಿಗಳಿಗೆ ತೊಂದರೆ ಕೊಡುತ್ತದೆ, ನೆಲದ ಹುಲ್ಲೂ ಸುಟ್ಟು ಮತ್ತೆ ಬರಿಮಣ್ಣಾಗುತ್ತದೆ.

7. ಕಲ್ಲು ಹಾಸಿನ ಸಂದಿ, ಗೋಡೆಯ ಬುಡದಂಥ ಕೀಳಲಾಗದ ಕಡೆ ಒಂದು ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಬಿಸಿಲಿರುವಾಗ ಎಲೆ ನೆನೆಯುವಂತೆ ಸಿಂಪಡಿಸಿದರೆ ಎಳೆ ಗಿಡ ಸುಡುತ್ತದೆ. ಮರ, ತೋಟ, ಬಾವಿ ಇರುವ ಕಡೆ ಇದು ಬೇಡ. ಉಪ್ಪು ಮಣ್ಣನ್ನು ಕೆಡಿಸುತ್ತದೆ.

8. ಕಳೆನಾಶಕ ಸಿಂಪಡಿಸುವ ಯೋಚನೆ ಇದ್ದರೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದವರಿಂದಲೇ ಮಾಡಿಸಿ. ಮನೆಯಂಗಳ, ಮಸೀದಿಯ ಹೌಝ್, ಬೋರ್‌ವೆಲ್ ಹತ್ತಿರ ಅದು ಬೇಡವೇ ಬೇಡ.

ಗಿಡದ ಶತ್ರು, ನಮ್ಮ ಗೆಳೆಯ

ಮಳೆಗಾಲದಲ್ಲಿ ಈ ಗಿಡಗಳ ಮೇಲೆ ಬಿಳಿಚು ಮೈಯಲ್ಲಿ ಕಂದು ಗೀರುಗಳಿರುವ, ಕಡಲೆ ಬೇಳೆಯಷ್ಟು ಗಾತ್ರದ ಜೀರುಂಡೆ ಕಂಡರೆ ಕೊಲ್ಲಬೇಡಿ. ಇದು ಮೆಕ್ಸಿಕನ್ ಜೀರುಂಡೆ. ಇದನ್ನು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನಿಗಳು ಬಿಡುಗಡೆ ಮಾಡಿದರು. ಅಲ್ಲಿಂದ ಅದು ದೇಶದ ಬಹುಭಾಗಕ್ಕೆ ಹರಡಿದೆ. ದೊಡ್ಡ ಹುಳವೂ ಮರಿಹುಳವೂ ಪಾರ್ಥೇನಿಯಂ ಎಲೆ ತಿಂದು ಗಿಡವನ್ನು ಬೋಳಿಸುತ್ತವೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿ ಮಳೆ ಬಂದಾಗ ಏಳುತ್ತವೆ. ಇವು ಹೆಚ್ಚುವಷ್ಟರಲ್ಲಿ ಮೊದಲ ಗಿಡಗಳು ಹೂವಾಗಿರುತ್ತವೆ. ಹಾಗಾಗಿ ಹುಳವನ್ನೇ ನಂಬಿ ಕೂರಲಾಗದು. ಕೈಯಿಂದ ಕೀಳಲಾಗದ ದೊಡ್ಡ ಬಯಲಿನಲ್ಲಿ ಅದರ ನೆರವು ದೊಡ್ಡದು.

ಇನ್ನೊಂದು ನೆರವು ತಗಚೆ ಗಿಡದ್ದು. ಪಾರ್ಥೇನಿಯಂ ಕಿತ್ತ ಖಾಲಿ ಜಾಗದಲ್ಲಿ ಮಳೆಗೆ ಮೊದಲು ತಗಚೆ ಬೀಜ ಎರಚಿದರೆ ಅದು ಒತ್ತಾಗಿ ಬೆಳೆದು ಈ ಕಳೆಯನ್ನು ಅದುಮುತ್ತದೆ. ಚೆಂಡು ಹೂವಿನ ಗಿಡವೂ ಹಾಗೆ ಮಾಡುತ್ತದೆ. ಆದರೆ ಅದು ಪಾರ್ಥೇನಿಯಂ ಕುಟುಂಬದ್ದೇ ಆದ್ದರಿಂದ ಅಲರ್ಜಿ ಇರುವವರ ಮನೆ ಹತ್ತಿರ ತಗಚೆ ಅಥವಾ ಗರಿಕೆ ಲೇಸು.

ಓದುಗರೇ, ಈ ಕಳೆಯನ್ನು ಒಬ್ಬರ ಹಿತ್ತಲಿನಿಂದ ತೆಗೆದು ಪಕ್ಕದ ಸೈಟಿನಲ್ಲಿ ಬಿಟ್ಟರೆ ಗಾಳಿ ಅದನ್ನು ಮರಳಿ ತರುತ್ತದೆ. ಆದ್ದರಿಂದ ನೆರೆಯವರು ಯಾವ ಮತದವರೇ ಇರಲಿ, ಅವರನ್ನೂ ಕರೆದುಕೊಳ್ಳಿ. ಸ್ಮಶಾನ, ದೇವಸ್ಥಾನದ ಬಯಲು, ಶಾಲೆಯ ಮೈದಾನದಲ್ಲೂ ಇದೇ ಗಿಡ, ಇದೇ ಗಾಳಿ. ಈ ವರ್ಷ ಮೊದಲ ಮಳೆ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ 21 ದಿನ ಎಣಿಸಿ. ಆ ವಾರದ ಭಾನುವಾರ ಫಜ್ರ್ ನಮಾಝ್ ಮುಗಿಸಿ ಹತ್ತು ಜನ ಕೈಗವಸು ಹಾಕಿಕೊಂಡು ಖಬರಸ್ತಾನಕ್ಕೆ ಹೋದರೆ ಬಿಸಿಲೇರುವ ಮೊದಲು ಬಹಳಷ್ಟು ಕೆಲಸ ಆಗುತ್ತದೆ.